ಮೊಬೈಲ್ ನೋಡಬೇಕೇ? ಪಕ್ಕಕ್ಕೆ ನಿಲ್ಲಿ

ಮಾನ್ಯರೇ,

ಸಂಜೆ ಹೊತ್ತು ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದ ಮೆಟ್ಟಿಲುಗಳ ಬಳಿ ನಿಂತು ನೋಡಿ. ಮೊಬೈಲಿನಲ್ಲಿ ಮುಳುಗಿದವರನ್ನು ನಡಿಗೆಯಿಂದಲೇ ಗುರುತಿಸಬಹುದು. ಕತ್ತು ಬಗ್ಗಿರುತ್ತದೆ, ಹೆಜ್ಜೆ ಗಿಡ್ಡವಾಗಿರುತ್ತದೆ, ಕೈ ಬೀಸುವುದೇ ಇಲ್ಲ. ಮೆಸೇಜ್ ಟೈಪ್ ಮಾಡುತ್ತಾ ನಡೆಯುವವರ ವೇಗ ತಗ್ಗುತ್ತದೆ, ಅವರು ನೇರ ದಾರಿಯಿಂದ ಆಚೀಚೆ ವಾಲುತ್ತಾರೆ ಎಂಬುದನ್ನು ಪ್ರಯೋಗಗಳೂ ತೋರಿಸಿವೆ. ಇಂಥವರು ನಡುಮೆಟ್ಟಿಲಲ್ಲಿ ಗಕ್ಕನೆ ನಿಂತಾಗ, ಹಿಂದೆ ಊರುಗೋಲು ಹಿಡಿದು ಬರುವ ಹಿರಿಯರು ಮುಗ್ಗರಿಸುವುದನ್ನು ಕಂಡರೆ ಜೀವ ಬಾಯಿಗೆ ಬರುತ್ತದೆ. ಚಪ್ಪಡಿ ಕಿತ್ತುಹೋದ ನಮ್ಮ ಫುಟ್‌ಪಾತ್‌ಗಳಲ್ಲಂತೂ ಕೇಳುವುದೇ ಬೇಡ.

ಜಪಾನಿನ ಯಮಾಟೊ ನಗರ 2020ರಲ್ಲೇ ಹೀಗೆ ಮೊಬೈಲ್ ನೋಡುತ್ತಾ ನಡೆಯುವುದನ್ನು ನಿಷೇಧಿಸಿತು. ದಂಡ ವಿಧಿಸದೆ, ತಿಳಿವಳಿಕೆ ಮೂಡಿಸುವ ಉದ್ದೇಶದಿಂದ. ನಮ್ಮ ನಿಲ್ದಾಣಗಳಲ್ಲೂ ‘ಮೊಬೈಲ್ ನೋಡುವವರು ಪಕ್ಕಕ್ಕೆ ನಿಲ್ಲಿ’ ಎಂದು ಧ್ವನಿವರ್ಧಕದಲ್ಲಿ ಹೇಳಿಸಲಿ, ಮೆಟ್ಟಿಲುಗಳ ಮೇಲೂ ಬರೆಸಲಿ.

– ಒಬ್ಬ ಪಾದಚಾರಿ, ಬೆಂಗಳೂರು