ನಮ್ಮ ಎಸ್ಟೇಟ್ ಗಾಡಿಗೆ 50 ವರ್ಷ ತುಂಬುವವರೆಗೆ ಕಾಯಬೇಕಾ?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು, ಇಪ್ಪತ್ತು ವರ್ಷ ದಾಟಿದ ಗಾಡಿಗಳನ್ನೆಲ್ಲ ಗುಜರಿಗೆ ಕಳಿಸಬೇಕು, ಅವನ್ನು ಇಟ್ಟುಕೊಂಡು ಮಾಡಿಫೈ ಮಾಡಿಸುವವರಿಗೆ ದಂಡ ಹಾಕಬೇಕು ಅಂತ ಬರೆದಿದ್ದರು. ಕಿವಿ ಕಿತ್ತುಹೋಗುವ ಹಾಗೆ ಸೈಲೆನ್ಸರ್ ಕೊಯ್ದು ರಾತ್ರಿ ಹನ್ನೊಂದಕ್ಕೆ ಬೀದಿ ಎಬ್ಬಿಸುವವರ ಮೇಲೆ ಅವರಿಗೆ ಸಿಟ್ಟು. ಆ ಸಿಟ್ಟು ನನಗೂ ಇದೆ. ಆದರೆ ಹಳೆ ಗಾಡಿಯನ್ನು ಮಗುವಿನ ಹಾಗೆ ನೋಡಿಕೊಳ್ಳುವವರನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದ್ದು ನೋವಾಯಿತು. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗಬಹುದು.

ನಮ್ಮ ಮನೆಯಲ್ಲಿರುವುದು 1994ರ ಟಾಟಾ ಎಸ್ಟೇಟ್. ಎಸ್ಟೇಟ್ ಅಂದರೆ ತೋಟ ಅಲ್ಲ, ಡಿಕ್ಕಿ ಬೇರೆಯಾಗಿ ಚಾಚದೆ ಛಾವಣಿ ಹಿಂದಿನವರೆಗೂ ಹೋಗುವ ಉದ್ದನೆಯ ಕಾರು, ಸ್ಟೇಷನ್ ವ್ಯಾಗನ್ ಅಂತಲೂ ಕರೆಯುತ್ತಾರೆ. ಈಗಿನ ಹುಡುಗರಿಗೆ ಹೆಸರೂ ಗೊತ್ತಿರುವುದಿಲ್ಲ. 1991ರಲ್ಲಿ ಅದೇ ಕಂಪನಿಯ ಸಿಯೆರಾ ಬಂತು, ಅದರ ಹಿಂದೆಯೇ 1992ರಲ್ಲಿ ಎಸ್ಟೇಟ್. ಎರಡಕ್ಕೂ ಟಾಟಾ ಮೊಬೈಲ್ ಪಿಕಪ್ಪೇ ಬುನಾದಿ. 1.9 ಲೀಟರಿನ ಡೀಸೆಲ್ ಎಂಜಿನ್, 70 ಹಾರ್ಸ್‌ಪವರ್ ಕೂಡ ಇಲ್ಲ. ಆದರೆ ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಪವರ್ ಸ್ಟೀರಿಂಗು, ಗುಂಡಿ ಒತ್ತಿದರೆ ಇಳಿಯುವ ಗಾಜು ಅಂದರೆ ಸುಮ್ನೆ ಮಾತಲ್ಲ. ಒಬ್ಬ ಕಾಫಿ ತೋಟದವರ ಹತ್ತಿರ ಇದ್ದ ಈ ಗಾಡಿಯನ್ನು ಅಪ್ಪ 1998ರಲ್ಲಿ ಕೊಂಡರು. ಹಿಂದಿನ ಸೀಟು ಮಡಚಿದರೆ ಗೊಬ್ಬರದ ಚೀಲ, ಪಂಪ್‌ಸೆಟ್ಟು, ಹಲಸಿನ ಹಣ್ಣು, ಮದುವೆ ಮನೆಯ ಪಾತ್ರೆ ಏನು ಬೇಕಾದರೂ ಹಿಡಿಸುತ್ತಿತ್ತು. ಸೀಟು ಎತ್ತಿದರೆ ಐದು ಜನ ಆರಾಮಾಗಿ ಕೂತು ಧರ್ಮಸ್ಥಳಕ್ಕೆ ಹೋಗಿ ಬರಬಹುದಿತ್ತು.

ಇದನ್ನು ಮೊದಲ ಸಲ ನೋಡಿದವರು ಹೇಳುತ್ತಿದ್ದ ಮಾತು ಒಂದೇ: "ಇದೇನ್ರೀ, ಅಂಬುಲೆನ್ಸ್ ಇದ್ದ ಹಾಗಿದೆ." ನಮ್ಮ ಊರಿನಲ್ಲಿ ಕಾರು ಅಂದರೆ ಡಿಕ್ಕಿ ಬೇರೆಯಾಗಿ ಹಿಂದೆ ಚಾಚಿಕೊಂಡಿರಬೇಕು, ಇಲ್ಲದಿದ್ದರೆ ಅದು ವ್ಯಾನು. ಅಪ್ಪ ಈ ಮಾತಿಗೆ ಏನೂ ಹೇಳುತ್ತಿರಲಿಲ್ಲ. 2001ರ ಮಳೆಗಾಲದಲ್ಲಿ ಅಜ್ಜಿ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆ ರಾತ್ರಿ ಯಾವ ಅಂಬುಲೆನ್ಸೂ ಸಿಗಲಿಲ್ಲ. ಅಪ್ಪ ಹಿಂದಿನ ಸೀಟು ಮಡಚಿ, ಎರಡು ಹತ್ತಿ ಹಾಸಿಗೆ ಒಂದರ ಮೇಲೊಂದು ಹಾಸಿ, ಅಜ್ಜಿಯನ್ನು ಚಾಪೆ ಸಮೇತ ಎತ್ತಿ ಒಳಗೆ ಮಲಗಿಸಿದರು. ನಾನು ಪಕ್ಕದಲ್ಲಿ ಕೂತು ಅಜ್ಜಿಯ ತಲೆ ಅಲುಗಾಡದ ಹಾಗೆ ಹಿಡಿದುಕೊಂಡಿದ್ದೆ. ಶಿರಾಡಿ ಘಾಟಿಯ ಒಂದೊಂದು ಗುಂಡಿಗೂ ಅಪ್ಪ ಗಾಡಿ ನಿಲ್ಲಿಸಿಯೇ ಇಳಿಸುತ್ತಿದ್ದರು. ಮಂಗಳೂರು ಮುಟ್ಟುವಾಗ ಬೆಳಗಾಗಿತ್ತು. ಅಜ್ಜಿ ಆಮೇಲೆ ಒಂಬತ್ತು ವರ್ಷ ಬದುಕಿದ್ದರು. ಈ ಗಾಡಿ ಮಾರುವ ಮಾತು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಇಂಥ ಕಾರುಗಳನ್ನು ಜನ ಒಪ್ಪಲೇ ಇಲ್ಲ, ಅದಕ್ಕೇ ನಿಂತುಹೋದವು ಅನ್ನುತ್ತಾರೆ. ಅದು ಅರ್ಧ ನಿಜ. ಮಾರುತಿಯ ಬಲೆನೊ ಆಲ್ಟುರಾ, ಓಪೆಲ್ ಕೋರ್ಸಾ ಸ್ವಿಂಗ್, ಸ್ಕೋಡಾ ಆಕ್ಟೇವಿಯಾ ಕಾಂಬಿ, 2004ರಲ್ಲಿ ಬಂದ ಟಾಟಾ ಇಂಡಿಗೊ ಮರೀನಾ, ಹೀಗೆ ಒಂದಾದ ಮೇಲೊಂದು ಬಂದವು, ಹೋದವು. ಉಳಿದ ಅರ್ಧ ತೆರಿಗೆಯ ಲೆಕ್ಕದಲ್ಲಿದೆ. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕ ಶೇ 24ರಿಂದ 16ಕ್ಕೆ ಇಳಿಯಿತು. ಸಣ್ಣ ಕಾರು ಅಂದರೆ ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ದಾಟಬಾರದು. ಆಗ ಏನಾಯಿತು ನೋಡಿ. ಇಂಡಿಗೊ ಸೆಡಾನಿನ ಡಿಕ್ಕಿಯನ್ನೇ ಮೊಟಕು ಮಾಡಿ, ನಾಲ್ಕು ಮೀಟರಿನ ಒಳಗೆ ತಂದು, 2008ರಲ್ಲಿ ಇಂಡಿಗೊ ಸಿಎಸ್ ಅಂತ ಮಾರಿದರು. ಚೆನ್ನಾಗಿ ಓಡಿತು. ಆದರೆ ಮರೀನಾದ ಹಿಂಭಾಗವನ್ನು ಕತ್ತರಿಸಿದರೆ ಅದು ಮರೀನಾ ಆಗಿ ಹೇಗೆ ಉಳಿಯುತ್ತದೆ? ಉದ್ದವೇ ಅದರ ಜೀವ. ನಾಲ್ಕು ಮೀಟರಿನ ಗೆರೆ ಇವತ್ತಿಗೂ ಹಾಗೇ ಇದೆ. ಅಮೆರಿಕದಲ್ಲೂ ಹೀಗೆಯೇ ಆಗಿದೆ. 1975ರಲ್ಲಿ ಬಂದ ಮೈಲೇಜ್ ಕಾನೂನಿನ ಕೆಳಗೆ ಸ್ಟೇಷನ್ ವ್ಯಾಗನ್ ಕಾರುಗಳ ಲೆಕ್ಕಕ್ಕೆ ಸೇರಿತು, ಎಸ್‌ಯುವಿಗಳು ಲಾರಿ ಲೆಕ್ಕದಲ್ಲಿ ಸಡಿಲ ನಿಯಮದ ಒಳಗೆ ನುಸುಳಿಕೊಂಡವು. ನಿಯಮ ಎಲ್ಲಿಗೆ ದಾರಿ ಬಿಡುತ್ತದೋ ಗಾಡಿಗಳೂ ಅಲ್ಲಿಗೇ ಹರಿಯುತ್ತವೆ.

ಈ ಗಾಡಿಗಳ ಮೇಲೆ ಯಾಕಿಷ್ಟು ಹುಚ್ಚು ಅಂತ ಕೇಳುವವರಿಗೆ ನಾನು ಯಾವಾಗಲೂ 1994ರ ಕತೆ ಹೇಳುತ್ತೇನೆ. ಬ್ರಿಟನ್ನಿನ ಟೂರಿಂಗ್ ಕಾರ್ ರೇಸಿಗೆ ಆ ವರ್ಷ ವೋಲ್ವೊ ತನ್ನ 850 ಎಸ್ಟೇಟನ್ನೇ ಇಳಿಸಿತು. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿ, ಸೆಡಾನುಗಳ ನಡುವೆ ರೇಸ್ ಟ್ರ್ಯಾಕಿನಲ್ಲಿ! ಜನ ನಕ್ಕರು. ಅದಕ್ಕೆ ಆ ತಂಡದವರು ಒಂದು ಸಲ ರೇಸಿಗೆ ಮುಂಚಿನ ಸುತ್ತಿನಲ್ಲಿ ದೊಡ್ಡ ಗೊಂಬೆ ನಾಯಿಯನ್ನು ಹಿಂದೆ ಕೂರಿಸಿಕೊಂಡು ಓಡಿಸಿದರಂತೆ. ಅದೇ ವರ್ಷ ಆಡಿ ಕಂಪನಿ ಪೋರ್ಷೆ ಜೊತೆ ಸೇರಿ ಆರ್‌ಎಸ್2 ಅವಾಂಟ್ ಅನ್ನುವ ಎಸ್ಟೇಟ್ ಮಾಡಿತು, 315 ಹಾರ್ಸ್‌ಪವರ್. ನನ್ನ ಗಾಡಿ ಹುಟ್ಟಿದ್ದೂ 1994ರಲ್ಲೇ ಅನ್ನುವುದು ನನಗೆ ಈಗಲೂ ಖುಷಿ ಕೊಡುತ್ತದೆ.

ಇನ್ನು ಮಾಡಿಫೈ ವಿಷಯ. ನನ್ನ ಗಾಡಿಯಲ್ಲಿ ನಾನು ಏನೇನು ಮಾಡಿಸಿದ್ದೇನೆ ಅಂತ ಬಿಚ್ಚಿ ಹೇಳುತ್ತೇನೆ. ಹಿಂದಿನ ಬಾಗಿಲು ಎತ್ತಿ ಹಿಡಿಯುವ ಶಾಕರ್‌ಗಳು ಎರಡೂ ಸತ್ತಿದ್ದವು. ಎಷ್ಟೋ ವರ್ಷ ಅಪ್ಪ ಒಂದು ಕಾಫಿ ಗಿಡದ ಕೋಲನ್ನು ಒಳಗೆ ಇಟ್ಟುಕೊಂಡಿದ್ದರು, ಬಾಗಿಲು ಎತ್ತುವುದು, ಕೋಲು ಕೊಡುವುದು. ಕೈ ಹಿಡಿದು ಹಿಡಿದು ಆ ಕೋಲು ನುಣ್ಣಗಾಗಿ ಹೊಳೆಯುತ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ತಿರುಗಿ, ಬೇರೆ ಗಾಡಿಯ ಶಾಕರ್‌ಗಳನ್ನು ಉದ್ದ ಅಳೆದು ತಂದು ಕೂರಿಸಿದೆ. ಕೋಲು ಈಗಲೂ ಗಾಡಿಯಲ್ಲೇ ಇದೆ, ತೆಗೆಯಲು ಮನಸ್ಸಾಗಲಿಲ್ಲ.

ಆಮೇಲೆ ಹೆಡ್‌ಲೈಟು. ಹಳೆ ಗಾಡಿಯಲ್ಲಿ ಲೈಟಿನ ಕರೆಂಟೆಲ್ಲ ಸ್ಟೀರಿಂಗ್ ಹತ್ತಿರದ ಸ್ವಿಚ್ಚಿನ ಮೂಲಕ ಸುತ್ತಿ ಬರುತ್ತಿತ್ತು. ಸಣ್ಣ ವೈರು, ಸವೆದ ಸ್ವಿಚ್ಚು, ಬಲ್ಬು ಮುಟ್ಟುವಷ್ಟರಲ್ಲಿ ಕರೆಂಟು ಸೊರಗಿ ಹೋಗಿರುತ್ತದೆ. ಘಾಟಿಯ ಮಂಜಿನಲ್ಲಿ ಚಿಮಣಿ ದೀಪ ಹಿಡಿದು ಹೊರಟ ಹಾಗೆ. ಬ್ಯಾಟರಿಯಿಂದ ದಪ್ಪ ವೈರು ಎಳೆದು, ಫ್ಯೂಸು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚುವ ಸ್ವಿಚ್ಚು) ಹಾಕಿಸಿದೆ. ಬಲ್ಬು ಕಂಪನಿಯದೇ, ಎದುರಿನವರ ಕಣ್ಣು ಕುಕ್ಕುವುದಿಲ್ಲ, ಬೆಳಕು ಮಾತ್ರ ಜಾಸ್ತಿ ಆಯಿತು. ಹಿಂದಿನ ಸೀಟಿಗೆ ಹೆಗಲ ಮೇಲಿಂದ ಬರುವ ಸೀಟ್ ಬೆಲ್ಟ್ ಹಾಕಿಸಿದೆ, ಮಕ್ಕಳು ಅಲ್ಲಿ ಕೂರುತ್ತಾರಲ್ಲ. ತಳದಲ್ಲಿ ತುಕ್ಕು ತಿಂದ ಕಡೆ ತಗಡು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆ. ಟಿಂಕರಿಂಗ್ ಮಾಡಿದ ಸಾಹೇಬರು ಮ್ಯಾಟ್ ಎತ್ತಿದಾಗ ಆ ತೂತಿನಿಂದ ಕೆಳಗಿನ ಮಣ್ಣು ಕಾಣುತ್ತಿತ್ತು. ನಾಲ್ಕು ದಿನ ಕೂತು ಒಂದೊಂದು ತೂತನ್ನೂ ಮುಚ್ಚಿದರು, ಮೇಲೆ ಪ್ರೈಮರ್, ಅದರ ಮೇಲೆ ಡಾಂಬರಿನಂಥ ಕಪ್ಪು ಲೇಪ. ಎಂಜಿನ್ನು, ಗೇರ್‌ಬಾಕ್ಸಿನ ಸಾಮಾನು ಹೇಗೋ ಸಿಗುತ್ತವೆ, ಪಿಕಪ್ಪಿನವು ಕೂರುತ್ತವೆ. ಹಿಂದಿನ ಗಾಜು, ಬಾಗಿಲ ರಬ್ಬರು, ಲೈಟಿನ ಕವರು ಇವೇ ಸಿಗುವುದಿಲ್ಲ. ಅದಕ್ಕೆ ಶಿವಾಜಿನಗರದ ಗುಜರಿಯಲ್ಲಿ ಅಲೆಯಬೇಕು. ಎಲ್ಲೋ ಒಂದು ಎಸ್ಟೇಟ್ ಗುಜರಿಗೆ ಬಂತು ಅಂತ ಸುದ್ದಿ ಬಂದರೆ ನಮ್ಮಂಥವರು ನಾಲ್ಕಾರು ಜನ ಫೋನಿನಲ್ಲೇ ಹಂಚಿಕೊಳ್ಳುತ್ತೇವೆ, ನಿನಗೆ ಗಾಜು, ನನಗೆ ರಬ್ಬರು ಅಂತ. ಆವತ್ತು ಸಾಮಾನು ಸಿಕ್ಕ ಖುಷಿಗಿಂತ ಒಂದು ಗಾಡಿ ಕಮ್ಮಿ ಆಯಿತಲ್ಲ ಅನ್ನುವ ಸಂಕಟವೇ ದೊಡ್ಡದು.

2024ರಲ್ಲಿ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಮಾಡಿಸಲು ಒಂದು ಆರ್‌ಟಿಒ ಕಚೇರಿಗೆ ಹೋದೆ. ಊರಿನ ಹೆಸರು ಬೇಡ. ಅಲ್ಲಿನ ಇನ್‌ಸ್ಪೆಕ್ಟರ್ ಸುತ್ತ ಒಂದು ಸಲ ನೋಡಿ, "ಏನ್ರೀ ಇದು, ಪಿಕಪ್‌ಗೆ ಹಿಂದೆ ಬಾಡಿ ಕಟ್ಟಿಸಿದ್ದೀರಾ?" ಅಂದರು. ಇಲ್ಲ ಸಾರ್, ಕಂಪನಿಯಿಂದ ಬಂದಿದ್ದೇ ಹೀಗೆ ಅಂದೆ. ನಂಬಲಿಲ್ಲ. ಅವರ ವಯಸ್ಸಿಗೆ ಅವರು ಇಂಥ ಗಾಡಿ ನೋಡಿಯೇ ಇರಲಿಲ್ಲ, ಮುಂದಿನ ಮುಖ ನೋಡಿದರೆ ಪಿಕಪ್ಪಿನ ತರಾನೇ ಇದೆ, ಅವರನ್ನೂ ದೂರುವ ಹಾಗಿಲ್ಲ. ಮನೆಗೆ ಬಂದು ಅಪ್ಪ ಜೋಪಾನ ಮಾಡಿದ್ದ ಕಂಪನಿಯ ಚಿತ್ರದ ಪುಸ್ತಿಕೆ ತೆಗೆದುಕೊಂಡು ಹೋಗಿ ತೋರಿಸಿದೆ. ಆಗ ಸೀಟ್ ಬೆಲ್ಟ್ ಕಂಡಿತು. ಇದು ಆ ಚಿತ್ರದಲ್ಲಿ ಇಲ್ಲವಲ್ಲ ಅಂದರು. ಸುರಕ್ಷತೆಗೆ ಹಾಕಿಸಿದ್ದು ಅಂದರೆ, ಅದನ್ನು ಬರೆದುಕೊಳ್ಳಲು ಫಾರಂನಲ್ಲಿ ಜಾಗವೇ ಇಲ್ಲ. ಮೂರನೇ ಸಲ ಹೋದಾಗ ಕೆಲಸ ಆಯಿತು, ಛಾವಣಿಯ ಕ್ಯಾರಿಯರ್ ಬಿಚ್ಚಿಸಿ.

ಕಾನೂನು ಏನು ಹೇಳುತ್ತದೆ ಅಂತ ನನಗೂ ಗೊತ್ತಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಅದರ ಮೇಲೆ 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು: ಕಂಪನಿ ಕೊಟ್ಟ ಮೂಲ ರಚನೆ ಬದಲಿಸಬಾರದು. ಗಾಡಿಯ ಬುನಾದಿಯಾದ ಚಾಸಿ ಕತ್ತರಿಸುವುದನ್ನು ತಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಬೇರೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ತಂದಿತು. ಒಳ್ಳೆಯದೇ. ಆದರೆ ಅದಕ್ಕೆ 50 ವರ್ಷ ಆಗಿರಬೇಕು, ಆಮೇಲೂ ದಿನನಿತ್ಯ ಓಡಿಸುವ ಹಾಗಿಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ ಅಷ್ಟೇ. ಅಂದರೆ ನನ್ನ ಗಾಡಿ 2044ರವರೆಗೆ ಬರೀ ಹಳೆ ಗಾಡಿ. ಇನ್ನೊಂದು ಕಡೆ 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2025ರಲ್ಲಿ ಐದು ಸಾವಿರದಿಂದ ಹತ್ತು ಸಾವಿರಕ್ಕೆ ಏರಿದೆ. ಈ ನಡುವಿನ ಮೂವತ್ತು ವರ್ಷ ದಾಟಲು ಎಷ್ಟು ಎಸ್ಟೇಟ್, ಎಷ್ಟು ಆಲ್ಟುರಾ, ಎಷ್ಟು ಮರೀನಾ ಉಳಿದಿರುತ್ತವೆ ಹೇಳಿ?

ಜರ್ಮನಿಯಲ್ಲಿ 30 ವರ್ಷ ಆದರೆ ಸಾಕು. ಗಾಡಿ ಒಳ್ಳೆಯ ಸ್ಥಿತಿಯಲ್ಲಿದೆ ಅಂತ ತಜ್ಞರು ಪರೀಕ್ಷೆ ಮಾಡಿ ಬರೆದುಕೊಟ್ಟರೆ, ನಂಬರ್ ಪ್ಲೇಟಿನ ಕೊನೆಗೆ ಎಚ್ ಅಕ್ಷರ ಸಿಗುತ್ತದೆ, ತೆರಿಗೆ ಒಂದೇ ದರ, ರಸ್ತೆಯಲ್ಲಿ ಓಡಿಸಲೂಬಹುದು. ಆ ಗಾಡಿಯ ಕಾಲದಲ್ಲೇ ರೂಢಿಯಲ್ಲಿದ್ದ ಬದಲಾವಣೆಗಳನ್ನೂ ಒಪ್ಪುತ್ತಾರೆ. ಬ್ರಿಟನ್ನಿನಲ್ಲಿ 40 ವರ್ಷ. ನಮ್ಮಲ್ಲೂ 30 ವರ್ಷದ್ದೊಂದು ವರ್ಗ ಮಾಡಬಹುದಲ್ವಾ? ಹೊಗೆ ಪರೀಕ್ಷೆ ಎಷ್ಟು ಕಟ್ಟುನಿಟ್ಟಾಗಿ ಬೇಕಾದರೂ ಮಾಡಲಿ, ಬ್ರೇಕು ನೋಡಲಿ, ತಳ ನೋಡಲಿ. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಅಂತ ಮಿತಿ ಹಾಕಿದರೂ ಒಪ್ಪುತ್ತೇವೆ. ಸೀಟ್ ಬೆಲ್ಟು, ಲೈಟಿನ ರಿಲೇ, ಒಳ್ಳೆಯ ಬ್ರೇಕು, ಇಂಥವನ್ನು ಆರ್‌ಸಿಯಲ್ಲೇ ಬರೆದುಕೊಡಲಿ. ಆಗ ಸೈಲೆನ್ಸರ್ ಕೊಯ್ಯುವವರು ಯಾರು, ಗಾಡಿ ಉಳಿಸುವವರು ಯಾರು ಅಂತ ಕಾಗದದಲ್ಲೇ ಗೊತ್ತಾಗುತ್ತದೆ.

ನಮ್ಮ ಭಾಗದ ಶಾಸಕರು, ಸಂಸದರು ನಿಮ್ಮ ಪತ್ರಿಕೆ ಓದುತ್ತಾರೆ ಅಂತ ನಂಬಿದ್ದೇನೆ. ಸಾರಿಗೆ ಇಲಾಖೆಯವರೂ ಓದಲಿ. ನನ್ನ ಮುಂದಿನ ಎಫ್‌ಸಿ 2029ಕ್ಕೆ. ಆ ಪುಸ್ತಿಕೆಗೆ ಪ್ಲಾಸ್ಟಿಕ್ ಕವರ್ ಹಾಕಿಸಿ ಗಾಡಿಯಲ್ಲೇ ಇಟ್ಟಿದ್ದೇನೆ, ಕಾಫಿ ಕೋಲಿನ ಪಕ್ಕ.

ಇಂತಿ,
ನಿಮ್ಮ ಓದುಗ, ಸಕಲೇಶಪುರ