ಹತ್ತರವರೆಗೆ ಎಣಿಸಿದ ಅಕ್ಕನಿಗೆ

ಕಳೆದ ಸೋಮವಾರದಿಂದ ಮತ್ತೆ ಪೂರ್ತಿ ದಿನದ ಕೆಲಸ ಶುರುವಾಗಿದೆ. ಗಂಟಲಿಗೆ ಏನಾಗಿತ್ತು, ಡಾಕ್ಟರು ಏನು ಮಾಡಿದರು ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ. ಮತ್ತೆ ಬರೆಯುವುದಿಲ್ಲ. ಶಾಲೆಯ ಪುಟ್ಟ ಮಕ್ಕಳಿಗೆ ಮಾತು ಕಲಿಸುವ ಸ್ಪೀಚ್ ಥೆರಪಿಸ್ಟ್‌ಗೇ ಮಾತು ನಿಂತುಹೋಯಿತು ಅಂತ ನೀವು ಮಾಡಿದ ತಮಾಷೆಗಳನ್ನೂ ಓದಿದ್ದೇನೆ. ಎರಡು ಚೆನ್ನಾಗಿದ್ದವು.

ಮೊದಲು ಎಲ್ಲರಿಗೂ ಒಟ್ಟಿಗೆ ಥ್ಯಾಂಕ್ಸ್ ಹೇಳಿಬಿಡುತ್ತೇನೆ. ಕೇಳಿದಷ್ಟು ರಜೆ ಕೊಟ್ಟ ಹೆಡ್ ಮೇಡಂ, ನನ್ನ ಮಕ್ಕಳನ್ನೆಲ್ಲ ತನ್ನ ಪಟ್ಟಿಗೆ ಸೇರಿಸಿಕೊಂಡ ಗೆಳತಿ, ಪಾಠದ ನಡುವೆ ಕಾರ್ಡಿನ ಆಟ ಆಡಿಸಿದ ಟೀಚರುಗಳು, ನಾನು ಸಿಡುಕಿದರೂ ಬಿಡದೆ ಧ್ವನಿಯ ವ್ಯಾಯಾಮ ಮಾಡಿಸಿದ ನನ್ನ ಥೆರಪಿಸ್ಟ್, ಮನೆಯವರು, ನಿಮ್ಮೆಲ್ಲರ ಋಣ ದೊಡ್ಡದು. ಒಂದೇ ಸಾಲಿಗೆ ತುರುಕಿದೆ ಅಂತ ಬೇಜಾರಾಗಬೇಡಿ. ಉಳಿದ ಜಾಗ ಅಕ್ಕನಿಗೆ ಬೇಕು.

ಅಕ್ಕ ಅಂದರೆ ನಮ್ಮ ಶಾಲೆಯ ಆಯಾ. ತರಗತಿಯಿಂದ ಮಕ್ಕಳನ್ನು ನನ್ನ ಕೋಣೆಗೆ ಕರೆತರುವುದು, ಮುಗಿದ ಮೇಲೆ ವಾಪಸ್ ಬಿಡುವುದು ಅವರ ಕೆಲಸ. ನಡುವಿನ ಅರ್ಧ ಗಂಟೆ ಬಾಗಿಲಾಚೆಯ ಕುರ್ಚಿಯಲ್ಲಿ ಸುಮ್ನೆ ಕೂತಿರುತ್ತಾರೆ ಅಂತ ನಾನು ಅಂದುಕೊಂಡಿದ್ದೆ.

ಗಂಟಲಿನ ಚಿಕಿತ್ಸೆ ಆದ ಮೇಲೆ ಹತ್ತು ದಿನ ನಾನು ಒಂದಕ್ಷರವೂ ಆಡುವ ಹಾಗಿರಲಿಲ್ಲ. ಪಿಸುಮಾತೂ ಬೇಡ ಅಂತ ಡಾಕ್ಟರು ಅಂದಿದ್ದರು, ಅದರಿಂದಲೂ ಗಂಟಲು ಬಿಗಿಯುತ್ತದೆ. ಕೈಗೊಂದು ಸ್ಲೇಟು ಬಂತು. ನೋಡಲು ಬಂದವರೆಲ್ಲ ಒಳ್ಳೆಯವರೇ. ಆದರೆ ನಾನು ಎರಡು ಪದ ಬರೆಯುವಷ್ಟರಲ್ಲಿ ಮೂರನೆಯದನ್ನು ಅವರೇ ಹೇಳಿಬಿಡುತ್ತಿದ್ದರು. ‘ನೀರು ಬೇಕಾ? ಫ್ಯಾನಾ? ಮಲಗ್ತೀಯಾ?’ ತಪ್ಪಾಗಿದ್ದರೂ ಹೂಂ ಅಂತ ತಲೆ ಆಡಿಸುತ್ತಿದ್ದೆ. ಅಳಿಸಿ ಮತ್ತೆ ಬರೆಯುವವರೆಗೆ ಯಾರು ಕಾಯುತ್ತಾರೆ? ಉಗ್ಗುವ ಮಕ್ಕಳ ಅಪ್ಪ ಅಮ್ಮಂದಿರಿಗೆ ವರ್ಷಗಟ್ಟಲೆ ಹೇಳಿದ್ದೇನೆ: ಮಗುವಿನ ಮಾತನ್ನು ನೀವು ಮುಗಿಸಬೇಡಿ, ‘ನಿಧಾನಕ್ಕೆ ಹೇಳು, ಉಸಿರು ತಗೋ’ ಅಂತಲೂ ಅನ್ನಬೇಡಿ, ಮುಖ ನೋಡಿಕೊಂಡು ಕಾಯಿರಿ. ಬಾಯಿಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದೆ. ಆ ಮಕ್ಕಳಲ್ಲಿ ಕೆಲವರು ಮಾತೇ ಬೇಡ ಅಂತ ಯಾಕೆ ಸುಮ್ಮನಾಗಿಬಿಡುತ್ತಾರೆ ಅನ್ನುವುದು ನನಗೆ ಏಳನೇ ದಿನ ಅರ್ಥವಾಯಿತು.

ಆ ರಾತ್ರಿ ನಿಯಮ ಮುರಿದೆ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ‘ಆ’ ಅಂದು ನೋಡಿದೆ. ಬರೀ ಗಾಳಿ ಬಂತು. ಊತ ಇಳಿಯುವವರೆಗೆ ಹೀಗೆ ಆಗಬಹುದು ಅಂತ ಓದಿ ಪರೀಕ್ಷೆ ಪಾಸಾದವಳು ನಾನು. ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ಮನೆಯವರು ಊರಲ್ಲಿರಲಿಲ್ಲ. ಅಕ್ಕನಿಗೆ ‘ಬರ್ತೀರಾ’ ಅಂತ ಮೆಸೇಜ್ ಹಾಕಿದೆ. ಯಾಕೆ ಅವರಿಗೇ ಹಾಕಿದೆನೋ. ಬಂದರು.

ಬಂದ ಮೇಲೆ ನಾಚಿಕೆಯಾಯಿತು. ‘ಏನಿಲ್ಲ, ಹೋಗಿ’ ಅಂತ ಬರೆದೆ. ಓದಿದರು. ಅಂಗೈಯಿಂದ ಸ್ಲೇಟು ಒರೆಸಿ ನನ್ನ ಕೈಗೇ ವಾಪಸ್ ಕೊಟ್ಟರು. ‘ಇದಲ್ಲ, ಬೇರೆ ಏನೋ ಇದೆ. ಅದನ್ನ ಬರೀರಿ’ ಅಂದರು. ಆಮೇಲೆ ತುಟಿ ಬಿಚ್ಚಲಿಲ್ಲ. ಇಣುಕಲೂ ಇಲ್ಲ. ಬರೆದೆ, ಅಳಿಸಿದೆ, ಅತ್ತೆ, ಮತ್ತೆ ಬರೆದೆ. ಕೊನೆಗೆ ಉಳಿದದ್ದು ಒಂದು ಸಾಲು: ‘ಧ್ವನಿ ವಾಪಸ್ ಬರದಿದ್ದರೆ ನಾನು ಯಾರಿಗೆ ಬೇಕು?’

ಎಲ್ಲ ಸರಿ ಹೋಗುತ್ತೆ ಅಂತ ಅವರು ಹೇಳಲಿಲ್ಲ. ಹೇಳಿದ್ದರೆ ಸ್ಲೇಟು ಎಸೆಯುತ್ತಿದ್ದೆ. ‘ಮಕ್ಕಳಿಗೆ ಏನಾದ್ರೂ ಕೇಳಿ, ಉತ್ತರಕ್ಕೆ ಕಾಯ್ತಾ ನೀವು ಮೊಣಕಾಲ ಮೇಲೆ ಬೆರಳಲ್ಲಿ ಎಣಿಸ್ತೀರಲ್ಲ ಮೇಡಂ, ಹತ್ತರವರೆಗೆ? ನಾನೂ ಎಣಿಸ್ತಾ ಕೂತಿರ್ತೀನಿ’ ಅಂದರು.

ಆ ಬೆರಳು ಯಾರಿಗೂ ಕಾಣುವುದಿಲ್ಲ ಅಂತ ನನ್ನ ನಂಬಿಕೆಯಾಗಿತ್ತು. ಬೆಳಗಾಗುವವರೆಗೆ ಕೂತಿದ್ದರು. ಎಷ್ಟು ಹತ್ತು ಆಯಿತೋ.

ಹತ್ತು ದಿನ ಮುಗಿದ ಮೇಲೆ ದಿನಕ್ಕೆ ಇಷ್ಟೇ ನಿಮಿಷ ಅಂತ ಲೆಕ್ಕದ ಮಾತು. ಆ ವಾರ ಶಾಲೆಗೆ ಸುಮ್ನೆ ಹೋಗಿ ಕೂತೆ. ಚಿತ್ರದ ಬೋರ್ಡಿನ ಮೇಲೆ ಬೆರಳಿಟ್ಟೇ ಎಲ್ಲ ಹೇಳುವ ಒಬ್ಬ ಹುಡುಗ ನನ್ನ ಸ್ಲೇಟು ನೋಡಿದ. ತನ್ನ ಬೋರ್ಡನ್ನು ನನ್ನ ಕಡೆ ತಳ್ಳಿದ. ಒಂದು ಗಂಟೆ ಅದರಲ್ಲೇ ಮಾತಾಡಿದೆ. ನೀರು ಕೇಳಬಹುದು, ಚೆಂಡು ಕೇಳಬಹುದು, ಟಾಯ್ಲೆಟ್‌ಗೆ ಹೋಗಬೇಕು ಅನ್ನಬಹುದು. ‘ಬೇಡ’ ಇಲ್ಲ. ‘ಸಾಕು ಬಿಡಿ’ ಇಲ್ಲ. ‘ನಂಗೆ ಕೋಪ ಬಂದಿದೆ’, ‘ನೀವು ಅಂದ್ಕೊಂಡಿದ್ದು ತಪ್ಪು’, ಒಂದೂ ಇಲ್ಲ. ಬೋರ್ಡು ಮಾಡಿದವಳು ನಾನೇ! ಈಗ ಎಲ್ಲ ಸೇರಿಸಿದ್ದೇನೆ. ಅವನು ‘ಬೇಡ’ವನ್ನೇ ಜಾಸ್ತಿ ಒತ್ತುತ್ತಾನೆ, ಅದೂ ನನಗೇ.

ಇನ್ನೊಬ್ಬ ಐದು ವರ್ಷದವನು. ಅವನ ಬಾಯಲ್ಲಿ ‘ಕ’ ಎಲ್ಲ ‘ತ’. ಕಾಯಿ ಹೋಗಿ ತಾಯಿ, ಕಲೆ ಹೋಗಿ ತಲೆ. ನಾಲಿಗೆಯ ಹಿಂಭಾಗ ಏಳಬೇಕಾದ ಕಡೆ ತುದಿ ಏಳುತ್ತಿತ್ತು. ಅಂಗಾತ ಮಲಗಿಸಿದರೆ ನಾಲಿಗೆ ತಾನಾಗಿ ಹಿಂದಕ್ಕೆ ಜಾರುತ್ತದೆ, ಹಾಗೆ ಮಲಗಿಕೊಂಡೇ ಎಷ್ಟೋ ‘ಕ’ ಆಟ ಆಡಿದ್ದೆವು. ಬಿಡಿ ‘ಕ’ ಬಂದಿತ್ತು, ಮಾತಿನೊಳಗೆ ಇಳಿದಿರಲಿಲ್ಲ. ಅವತ್ತು ಅಕ್ಕನ ಕೈ ಹಿಡಿದು ಬಂದವನು ನನ್ನನ್ನೇ ದಿಟ್ಟಿಸಿ ‘ಮಿಸ್, ನೀವು ಯಾಕೆ ಮಾತಾಡಲ್ಲ?’ ಅಂದ. ಯಾತೆ ಅಲ್ಲ, ಯಾಕೆ. ನನ್ನ ಆ ದಿನದ ನಿಮಿಷಗಳು ಖರ್ಚಾಗಿದ್ದವು. ಅಕ್ಕನ ಮುಖ ನೋಡಿದೆ. ಅವರಿಗೂ ಕೇಳಿಸಿತ್ತು.

ಅಕ್ಕ, ಇದನ್ನು ಯಾರಾದರೂ ತೋರಿಸಿದರೆ ನೀವು ನಗುತ್ತೀರಿ ಅಂತ ಗೊತ್ತು. ನಾಳೆ ಬಾಯಲ್ಲೇ ಹೇಳುತ್ತೇನೆ. ಸ್ವಲ್ಪ ತಡವರಿಸಬಹುದು, ಎಣಿಸ್ತಾ ಇರಿ. ಇನ್ನೊಂದು, ಬಾಗಿಲಾಚೆಯ ನಿಮ್ಮ ಕುರ್ಚಿ ಕಾಣಲಿಲ್ಲ ಅಂತ ಹುಡುಕಬೇಡಿ. ಒಳಗೆ ಹಾಕಿದ್ದೇನೆ.