ಭಾನುವಾರದ ಕೇಳುಗರ ಕೂಟ: ಈ ಸಲ ಅಂಗುರಾ ಕೇ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 7ಕ್ಕೆ ವಿಡಿಯೋ ಕಾಲ್‌ನಲ್ಲಿ ಸೇರೋಣ. ಜಪಾನಿನಲ್ಲಿರುವವರಿಗೆ ಆಗ ರಾತ್ರಿ 10:30, ದಯವಿಟ್ಟು ಗಮನಿಸಿ. ಲಿಂಕ್ ಶನಿವಾರ ಇಲ್ಲೇ ಹಾಕುತ್ತೇನೆ.

ಅಂಗುರಾ ಕೇ ಅಂದರೆ ಜಪಾನಿನ ವಿಶುವಲ್ ಕೇ ರಾಕ್‌ನ (ಕಣ್ಣು ಕುಕ್ಕುವ ವೇಷ, ಮೇಕಪ್‌ನ ರಾಕ್ ಶೈಲಿ) ಒಂದು ಕವಲು. 'ಅಂಡರ್‌ಗ್ರೌಂಡ್' ಅನ್ನೋದನ್ನೇ ಜಪಾನೀಯರು 'ಅಂಗುರಾ' ಅಂತ ಮೊಟಕು ಮಾಡಿಕೊಂಡಿದ್ದಾರೆ. 1960ರ ದಶಕದ ಅಲ್ಲಿನ ಪ್ರಯೋಗ ನಾಟಕಗಳಿಗೂ ಇದೇ ಹೆಸರಿತ್ತು. ಕಲಾವಿದರು ಕಿಮೊನೊ ಉಟ್ಟು, ಮುಖಕ್ಕೆ ಬಿಳಿ ಬಣ್ಣ ಹಚ್ಚಿ ಹಾಡುತ್ತಾರೆ. ಈ ಶೈಲಿಯ ಇನುಗಾಮಿ ಸರ್ಕಸ್‌ದಾನ್ ಬ್ಯಾಂಡ್‌ನಿಂದ ಶುರು ಮಾಡೋಣ. ಆಮೇಲೆ ಹೋಲಿಕೆಗೆ ವಾಗಕ್ಕಿ ಬ್ಯಾಂಡ್. ಅದು ಬೇರೆಯೇ ದಾರಿ: ಎಂಟು ಜನ, ಗಿಟಾರ್ ಜೊತೆಗೆ ಕೊತೊ, ಶಾಮಿಸೆನ್ ಎಂಬ ಜಪಾನಿ ತಂತಿವಾದ್ಯಗಳು, ಶಾಕುಹಾಚಿ ಕೊಳಲು, ದೊಡ್ಡ ತೈಕೊ ಡೋಲು. 2024ರ ಕೊನೆಗೆ ಅವರು ಕಾರ್ಯಕ್ರಮ ನಿಲ್ಲಿಸಿದ್ದು ನನಗಿನ್ನೂ ಬೇಜಾರೇ.

ಇಯರ್‌ಫೋನ್ ಹಾಕಿಕೊಳ್ಳಿ. ಫೋನ್ ಸ್ಪೀಕರ್‌ನಲ್ಲಿ ಶಾಕುಹಾಚಿಯ ಉಸಿರು ಕೇಳಿಸೋದೇ ಇಲ್ಲ. ಹಾಡು ನಡೆಯುವಾಗ ಮೈಕ್ ಆಫ್ ಇರಲಿ.

ಯುಕಾತಾ (ತೆಳು ಹತ್ತಿಯ ಕಿಮೊನೊ) ಉಟ್ಟು ಬರುವವರು ಎಡ ಸೆರಗನ್ನು ಬಲದ ಮೇಲೆ ತನ್ನಿ. ತಿರುಗಾಮುರುಗ ಉಡಿಸುವುದು ಅಲ್ಲಿ ಶವಕ್ಕೆ ಮಾತ್ರ.

ಬರುವವರು ಶುಕ್ರವಾರದೊಳಗೆ ಇಲ್ಲಿ 'ಬರ್ತೀನಿ' ಅಂತ ಹಾಕಿ. ಕೇಳಬೇಕೆನಿಸಿದ ಒಂದು ಹಾಡಿನ ಹೆಸರೂ ಜೊತೆಗಿರಲಿ.